ಮೌಖಿಕ ಕಾವ್ಯದ ಲಿಪೀಕರಣ ಮತ್ತು ಕ್ಲೌಡ್ ಸರ್ವರಿನ ಗ್ರಾಫಿಕ್ಸ್ ಚಾಲಕ: ಬಳ್ಳಾರಿ ಪರಿಸರದ ಬುರ್ರಕಥೆಯ ಧ್ವನಿಮುದ್ರಿಕೆಗಳನ್ನು ಅನುಲಕ್ಷಿಸಿ

ಮೌಖಿಕ ಕಾವ್ಯವೊಂದನ್ನು ಧ್ವನಿಮುದ್ರಿಸಿಕೊಳ್ಳುವುದಕ್ಕೂ ಅದನ್ನು ಪಠ್ಯರೂಪದಲ್ಲಿ ವಿದ್ವಲ್ಲೋಕದ ಮುಂದಿಡುವುದಕ್ಕೂ ನಡುವೆ ಇರುವ ಕಾಲಾವಧಿಯು ನಮ್ಮ ಜಾನಪದ ಸಂಶೋಧನೆಯಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಒಳಗಾಗಿರುವ ಸಂಗತಿಯಾಗಿದೆ. ಕ್ಷೇತ್ರಕಾರ್ಯದ ವಿಧಾನಗಳನ್ನು ಕುರಿತು, ವಕ್ತೃವಿನ ಆಯ್ಕೆಯನ್ನು ಕುರಿತು, ಸಂಪಾದನೆಯ ತತ್ವಗಳನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಕ್ಯಾಸೆಟ್ಟಿನಲ್ಲಿ ಅಡಗಿರುವ ಹಾಡಿಕೆಯನ್ನು ಕೇಳಿ ಕೇಳಿ ಬರೆದಿಳಿಸುವ ದುಡಿಮೆಯ ಬಗ್ಗೆ ಮುನ್ನುಡಿಗಳಲ್ಲಿ ಒಂದು ಕೃತಜ್ಞತೆಯ ಸಾಲು ದೊರೆತರೆ ಅದೇ ಹೆಚ್ಚು. ಈ ದುಡಿಮೆ ನಡೆಯದೆ ಉಳಿದ ಕಾರಣದಿಂದಲೇ ಎಷ್ಟೋ ಸಂಗ್ರಹಗಳು ಸಂಗ್ರಹಕಾರರ ಮನೆಯ ಅಟ್ಟದಲ್ಲಿ, ಸಂಸ್ಥೆಗಳ ಕಪಾಟಿನಲ್ಲಿ ಮೌನವಾಗಿ ಕುಳಿತಿವೆ. ಗಣಕಯಂತ್ರದ ನೆರವಿನಿಂದ ಈ ಅಂತರವನ್ನು ಎಷ್ಟರಮಟ್ಟಿಗೆ ಕುಗ್ಗಿಸಬಹುದು, ಅದಕ್ಕೆ ಬೇಕಾಗುವ ಯಂತ್ರವನ್ನು ಸಜ್ಜುಗೊಳಿಸುವ ಬಗೆ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಬಳ್ಳಾರಿ ಪರಿಸರವು ಈ ಚರ್ಚೆಗೆ ಸಹಜವಾದ ನೆಲೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಗೆರೆ ನಿಂತಲ್ಲಿ ಹಾಡು ನಿಲ್ಲಲಿಲ್ಲ. ಮನೆಯಲ್ಲಿ ತೆಲುಗನ್ನಾಡುವ ಬುಡ್ಗ ಜಂಗಮ ಸಮುದಾಯದ ಕಲಾವಿದರು ಕನ್ನಡದಲ್ಲಿ ರಾತ್ರಿಗಟ್ಟಲೆ ಕಥೆ ಹಾಡುವುದು ಇಲ್ಲಿನ ವೈಶಿಷ್ಟ್ಯ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರು ಈ ಪರಂಪರೆಯ ಬಹು ದೊಡ್ಡ ಹೆಸರು. ಹನ್ನೆರಡು ಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರಾಗಿದ್ದ ಅವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಸಂದಿದ್ದವು. 2014ರಲ್ಲಿ ಅವರು ತೀರಿಕೊಂಡರು. ಅಂಥ ಪ್ರತಿಭೆಯೊಂದು ಸಂಸ್ಥೆಗಳ ಕಣ್ಣಿಗೆ ಬಿದ್ದು ಅದರ ಒಂದು ಭಾಗವಾದರೂ ಅಚ್ಚಿಗೆ ಬಂದಿತು. ಸಿರುಗುಪ್ಪ, ಕುರುಗೋಡು ಭಾಗಗಳ ಹಳ್ಳಿಗಳಲ್ಲಿ ಪ್ರಶಸ್ತಿಯ ಸುದ್ದಿಯೇ ಇಲ್ಲದೆ ಹಾಡಿಹೋದವರ ಧ್ವನಿ ಉಳಿದಿರುವುದು ಕ್ಯಾಸೆಟ್ಟುಗಳಲ್ಲಿ ಮಾತ್ರ.

ಕ್ಯಾಸೆಟ್ಟಿಗೆ ಆಯುಸ್ಸಿದೆ. ಕಾಂತೀಯ ಪಟ್ಟಿಯ ಅಂಟು ಸಡಿಲಗೊಳ್ಳುತ್ತದೆ, ಪದರಗಳು ಪರಸ್ಪರ ಅಂಟಿಕೊಳ್ಳುತ್ತವೆ, ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಮಂದವಾಗಿ ಇಳಿದು ಪ್ರತಿಧ್ವನಿಯಂತೆ ಕೇಳಿಸತೊಡಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಆದುದರಿಂದ ಮೊದಲು ಆಗಬೇಕಾದ ಕೆಲಸ ಅಂಕೀಕರಣ. ಆದರೆ ಅಂಕೀಕರಿಸಿದ ಧ್ವನಿಯೂ ಬರಹಕ್ಕೆ ಬಾರದ ಹೊರತು ಅಧ್ಯಯನಕ್ಕೆ ಒದಗುವುದಿಲ್ಲ. ಒಂದು ಗಂಟೆಯ ಬುರ್ರಕಥೆಯನ್ನು ಬರೆದಿಳಿಸಲು, ನುರಿತ ಕೈಯಾದರೂ, ಮೂರು ನಾಲ್ಕು ದಿನಗಳ ದುಡಿಮೆ ಬೇಕೆಂಬುದು ಈ ಕೆಲಸದಲ್ಲಿ ತೊಡಗಿದವರ ಸಾಮಾನ್ಯ ಅನುಭವ. ನೂರು ಗಂಟೆಯ ಸಂಗ್ರಹವೊಂದು ಇದೇ ಲೆಕ್ಕದಲ್ಲಿ ಒಬ್ಬ ವ್ಯಕ್ತಿಯ ಬಿಡುವಿಲ್ಲದ ಒಂದು ವರ್ಷವನ್ನು ನುಂಗುತ್ತದೆ. ಅಷ್ಟರಲ್ಲಿ, ಅರ್ಥವಾಗದ ಪದವನ್ನು ಕೇಳಿ ತಿಳಿಯಲು ಉಳಿದಿರುವ ಮುಮ್ಮೇಳದ ಇಲ್ಲವೇ ಹಿಮ್ಮೇಳದ ಹಿರಿಯರೂ ಇಲ್ಲವಾಗುತ್ತಾರೆ.

ಧ್ವನಿಯನ್ನು ಬರಹಕ್ಕೆ ಇಳಿಸುವ ತಂತ್ರಾಂಶಗಳು ಈ ಸಂದರ್ಭದಲ್ಲಿ ಗಮನಾರ್ಹವಾಗುತ್ತವೆ. ಓಪನ್‌ಎಐ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ವಿಸ್ಪರ್ ಎಂಬ ಮಾದರಿಯು 6,80,000 ಗಂಟೆಗಳ ಧ್ವನಿಯಿಂದ ತರಬೇತಿ ಪಡೆದುದು. ಅದರಲ್ಲಿ ಇಂಗ್ಲಿಷೇತರ 96 ಭಾಷೆಗಳಿಗೆ ಸಂದದ್ದು ಒಟ್ಟು 1,17,000 ಗಂಟೆ ಮಾತ್ರ. ಕನ್ನಡದ ಪಾಲು ಅತ್ಯಲ್ಪ. ಮದ್ರಾಸಿನ ಐಐಟಿಯ ಎಐ4ಭಾರತ್ ಬಳಗವು ಭಾರತೀಯ ಭಾಷೆಗಳ ಧ್ವನಿಸಂಗ್ರಹದಿಂದ ಇಂಥ ಮಾದರಿಗಳನ್ನು ತಿದ್ದಿ, ಹೊಸದಾಗಿಯೂ ರೂಪಿಸಿ ಇಂಡಿಕ್‌ವಿಸ್ಪರ್, ಇಂಡಿಕ್‌ಕನ್ಫಾರ್ಮರ್ ಮುಂತಾದವನ್ನು ಮುಕ್ತವಾಗಿ ಒದಗಿಸಿದೆ. ಕನ್ನಡದ ಮಟ್ಟಿಗೆ ಇವುಗಳ ಫಲಿತಾಂಶ ಹೆಚ್ಚು ನಂಬಲರ್ಹ. ಇವೆಲ್ಲವೂ ನಡೆಯಬೇಕಾದರೆ ಸಾಮಾನ್ಯ ಗಣಕಯಂತ್ರ ಸಾಲದು. ಗ್ರಾಫಿಕ್ಸ್ ಕಾರ್ಡ್ ಬೇಕು.

ಚಿತ್ರವನ್ನು ಮೂಡಿಸಲೆಂದು ಹುಟ್ಟಿದ ಕಾರ್ಡಿಗೂ ಮಾತನ್ನು ಬರೆದಿಳಿಸುವುದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಪರದೆಯ ಲಕ್ಷಾಂತರ ಚುಕ್ಕೆಗಳ ಬಣ್ಣವನ್ನು ಏಕಕಾಲದಲ್ಲಿ ಎಣಿಸಲು ಸಾವಿರಾರು ಸಣ್ಣ ಎಣಿಕೆ ಘಟಕಗಳನ್ನು ಒಂದೇ ಫಲಕದಲ್ಲಿ ಕೂಡಿಸಿದ್ದೇ ಗ್ರಾಫಿಕ್ಸ್ ಕಾರ್ಡ್. ಧ್ವನಿಯನ್ನು ಗುರುತಿಸುವ ಮಾದರಿಯೂ ಮೂಲತಃ ಬೃಹತ್ ಸಂಖ್ಯಾಕೋಷ್ಟಕಗಳ ಗುಣಾಕಾರವೇ ಆಗಿದೆ. ಎನ್‌ವಿಡಿಯಾ ಸಂಸ್ಥೆ 2007ರಲ್ಲಿ ಕುಡಾ ಎಂಬ ವ್ಯವಸ್ಥೆಯನ್ನು ಹೊರತಂದು, ಈ ಘಟಕಗಳನ್ನು ಚಿತ್ರೇತರ ಎಣಿಕೆಗಳಿಗೂ ಬಳಸುವ ದಾರಿ ತೆರೆಯಿತು. ವಿಸ್ಪರಿನ ದೊಡ್ಡ ಮಾದರಿಯಲ್ಲಿ 155 ಕೋಟಿ ಸಂಖ್ಯೆಗಳಿವೆ. ಅದು ಸುಸೂತ್ರವಾಗಿ ನಡೆಯಲು ಕಾರ್ಡಿನಲ್ಲೇ ಸುಮಾರು 10 ಗಿಗಾಬೈಟ್ ಸ್ಮೃತಿ ಬೇಕು. ಸಾಮಾನ್ಯ ಗಣಕದಲ್ಲಿ ಇದೇ ಕೆಲಸ ನಡೆಯುವುದಿಲ್ಲವೆಂದಲ್ಲ. ಆದರೆ ಹಾಡಿಕೆಗಿಂತ ಎಷ್ಟೋ ಪಟ್ಟು ಹೆಚ್ಚು ಸಮಯ ಹಿಡಿಯುತ್ತದೆ.

ಕಾರ್ಡನ್ನು ಕೊಂಡು ಮನೆಯಲ್ಲೇ ಇರಿಸಿಕೊಳ್ಳಬಹುದಲ್ಲವೆ? ಆಟಗಳಿಗಾಗಿ ಮಾರುವ ಕಾರ್ಡುಗಳಿಂದ ಇದು ಸಾಧ್ಯ. ಆರ್‌ಟಿಎಕ್ಸ್ 3060 ಎಂಬ ಕಾರ್ಡಿನಲ್ಲಿ 12 ಗಿಗಾಬೈಟ್ ಸ್ಮೃತಿಯಿದೆ, ಅದು 170 ವಾಟ್ ವಿದ್ಯುತ್ತನ್ನು ಬಯಸುತ್ತದೆ. ಬಳ್ಳಾರಿಯ ಗಾಂಧಿನಗರದ ನನ್ನ ಓದುಕೋಣೆಯಂಥ ಸ್ಥಳದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಅದನ್ನು ಎಡೆಬಿಡದೆ ನಡೆಸುವುದೆಂದರೆ ಕೋಣೆಯನ್ನು ತಂಪಾಗಿಡುವ ಖರ್ಚನ್ನೂ ವಿದ್ಯುತ್ ಕಡಿತದ ಏರ್ಪಾಡನ್ನೂ ಹೊರಬೇಕಾಗುತ್ತದೆ. ದತ್ತಾಂಶ ಕೇಂದ್ರಗಳಿಗೆಂದು ರೂಪಿಸಿದ ಟಿ4 ಎಂಬ ಕಾರ್ಡ್ 16 ಗಿಗಾಬೈಟ್ ಸ್ಮೃತಿಯಿದ್ದೂ 70 ವಾಟಿನಲ್ಲಿ ನಡೆಯುತ್ತದೆ. ಆದರೆ ಅದಕ್ಕೆ ಸ್ವಂತ ಬೀಸಣಿಗೆಯಿಲ್ಲ; ಸರ್ವರ್ ಪೆಟ್ಟಿಗೆಯ ಗಾಳಿಯ ಹರಿವನ್ನೇ ಅದು ನಂಬಿದೆ. ವರ್ಷದಲ್ಲಿ ಕೆಲವೇ ವಾರ ಈ ಯಂತ್ರ ಬೇಕಾಗುವ ಸಂಶೋಧಕನಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕ್ಲೌಡ್ ಸರ್ವರೇ ಯುಕ್ತವೆಂಬುದು ನನ್ನ ಅಭಿಪ್ರಾಯ. ಬಾಡಿಗೆಯ ಯಂತ್ರ ಮಾತ್ರ ಬರಿದಾಗಿಯೇ ಕೈಸೇರುತ್ತದೆ. ಕಾರ್ಡ್ ಇದೆ, ಲಿನಕ್ಸ್ ಇದೆ. ಇವೆರಡರ ನಡುವೆ ಮಾತುಕತೆ ಇರುವುದಿಲ್ಲ.

ಚಾಲಕದ ಸ್ವರೂಪ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಕೇಂದ್ರದಲ್ಲಿರುವುದು ಕರ್ನಲ್ ಎಂಬ ತಿರುಳು. ಯಂತ್ರದ ಯಾವ ಭಾಗವನ್ನು ಯಾವ ತಂತ್ರಾಂಶ ಯಾವಾಗ ಬಳಸಬೇಕೆಂಬುದನ್ನು ನಿರ್ಧರಿಸುವುದು ಇದೇ. ಹೊಸ ಯಂತ್ರಾಂಗವೊಂದರ ಭಾಷೆ ಈ ತಿರುಳಿಗೆ ಗೊತ್ತಿಲ್ಲದಿದ್ದಾಗ ದುಭಾಷಿಯೊಬ್ಬ ಬೇಕಾಗುತ್ತಾನೆ; ಅವನೇ ಡ್ರೈವರ್ ಅಥವಾ ಚಾಲಕ ತಂತ್ರಾಂಶ. ಗ್ರಾಫಿಕ್ಸ್ ಚಾಲಕವು ಎರಡು ತುಂಡುಗಳಾಗಿರುತ್ತದೆ ಎಂಬುದನ್ನು ಆರಂಭದಲ್ಲೇ ಮನಗಾಣಬೇಕು. ಒಂದು ತುಂಡು ತಿರುಳಿನೊಳಗೆ ಸೇರಿಕೊಳ್ಳುವ ಮಾಡ್ಯೂಲ್. ಇನ್ನೊಂದು, ಹೊರಗಿನ ತಂತ್ರಾಂಶಗಳು ಕರೆಯುವ ಗ್ರಂಥಾಲಯ ಕಡತಗಳು. ಇವೆರಡರ ಆವೃತ್ತಿ ಸಂಖ್ಯೆ ಒಂದೇ ಆಗಿರತಕ್ಕದ್ದು. ಚಾಲಕದ ತೊಂದರೆಗಳಲ್ಲಿ ಬಹುಪಾಲು ಈ ಎರಡು ತುಂಡುಗಳು ಬೇರೆಬೇರೆ ದಾರಿ ಹಿಡಿದುದರ ಪರಿಣಾಮವೇ ಆಗಿರುತ್ತವೆ.

ಎನ್‌ವಿಡಿಯಾದ ಚಾಲಕ ಬಹುಕಾಲ ಮುಚ್ಚಿದ ತಂತ್ರಾಂಶವಾಗಿತ್ತು. ಮುಕ್ತ ತಂತ್ರಾಂಶದ ಕಾರ್ಯಕರ್ತರು ಕಾರ್ಡಿನ ವರ್ತನೆಯನ್ನು ಗಮನಿಸಿ ಗಮನಿಸಿ ನೂವೋ ಎಂಬ ಪರ್ಯಾಯ ಚಾಲಕವನ್ನು ಕಟ್ಟಿದರು. ಅಪರಿಚಿತ ಭಾಷೆಯನ್ನು ವಕ್ತೃಗಳ ಮಾತಿನಿಂದಲೇ ಕಲಿತು ವ್ಯಾಕರಣ ಬರೆದ ಭಾಷಾಶಾಸ್ತ್ರಜ್ಞರ ಸಾಹಸಕ್ಕೆ ಇದು ಸಮಾನವಾದುದೆಂದು ನನಗೆ ತೋರುತ್ತದೆ. ಆದರೆ ಕುಡಾದ ಎಣಿಕೆ ಕೆಲಸ ನೂವೋದಿಂದ ನಡೆಯುವುದಿಲ್ಲ. 2022ರ ಮೇ ತಿಂಗಳಲ್ಲಿ ಸಂಸ್ಥೆಯೇ ತನ್ನ ತಿರುಳು ಮಾಡ್ಯೂಲಿನ ಮೂಲಸಂಕೇತವನ್ನು ಮುಕ್ತಗೊಳಿಸಿತು. 2024ರಲ್ಲಿ ಬಂದ 560ರ ಶಾಖೆಯಿಂದ ಈ ಮುಕ್ತ ಮಾಡ್ಯೂಲೇ ಶಿಫಾರಸಾದ ಆಯ್ಕೆ. ಒಂದು ವಿನಾಯಿತಿಯುಂಟು: ಮುಕ್ತ ಮಾಡ್ಯೂಲ್ ಟ್ಯೂರಿಂಗ್ ತಲೆಮಾರಿನ ಹಾಗೂ ಅದರ ನಂತರದ ಕಾರ್ಡುಗಳಿಗೆ ಮಾತ್ರ ಅನ್ವಯಿಸುತ್ತದೆ. ಟಿ4, ಎ100, ಎಲ್4 ಇವುಗಳಿಗೆ ತೊಡಕಿಲ್ಲ. ವೋಲ್ಟಾ ತಲೆಮಾರಿನ ವಿ100 ಎಂಬ ಹಳೆಯ ಕಾರ್ಡಿಗೆ ಮುಚ್ಚಿದ ಮಾಡ್ಯೂಲೇ ಬೇಕು; ಅದಕ್ಕೂ 580ರ ಶಾಖೆಯೇ ಕೊನೆಯದು. ವಿಶ್ವವಿದ್ಯಾಲಯಗಳ ಹಳೆಯ ಸರ್ವರುಗಳಲ್ಲಿ ವಿ100 ಇನ್ನೂ ಕಾಣಸಿಗುವುದರಿಂದ ಈ ಸಂಗತಿಯನ್ನು ಹೇಳಬೇಕಾಯಿತು.

ಚಾಲಕದ ಮೇಲೆ ಕುಡಾ, ಕುಡಾದ ಮೇಲೆ ಪೈಟಾರ್ಚಿನಂಥ ತಂತ್ರಾಂಶ ಚೌಕಟ್ಟು, ಅದರ ಮೇಲೆ ಧ್ವನಿಮಾದರಿ, ಹೀಗೆ ಅಂತಸ್ತುಗಳಿವೆ. ಹೊಸ ಚಾಲಕದ ಮೇಲೆ ಹಳೆಯ ಕುಡಾ ನಡೆಯುತ್ತದೆ. ಹಳೆಯ ಚಾಲಕದ ಮೇಲೆ ಹೊಸ ಕುಡಾ ಸಾಮಾನ್ಯವಾಗಿ ನಡೆಯದು. ಕುಡಾ 12ಕ್ಕೆ ಕನಿಷ್ಠ 525ರ ಶಾಖೆ, ಕುಡಾ 13ಕ್ಕೆ ಕನಿಷ್ಠ 580ರ ಶಾಖೆ ಬೇಕು. ಇಲ್ಲಿ ಹೊಸಬರು ಅನಾವಶ್ಯಕವಾಗಿ ಬಳಲುವ ಒಂದು ಎಡೆಯಿದೆ. ಪೈಟಾರ್ಚ್ ತನಗೆ ಬೇಕಾದ ಕುಡಾ ಕಡತಗಳನ್ನು ತಾನೇ ಹೊತ್ತು ತರುತ್ತದೆ. ಆದುದರಿಂದ ಲಿಪೀಕರಣದಂಥ ಕೆಲಸಕ್ಕೆ ಸರ್ವರಿನಲ್ಲಿ ಚಾಲಕವೊಂದಿದ್ದರೆ ಸಾಕು. ಕುಡಾದ ಸಂಪೂರ್ಣ ಪರಿಕರ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕಾಗಿಲ್ಲ.

ಸಜ್ಜುಗೊಳಿಸುವ ಕ್ರಮ

ಆದೇಶಗಳನ್ನು ಅಕ್ಷರಶಃ ಕೊಡುವುದು ಈ ಲೇಖನದ ಉದ್ದೇಶವಲ್ಲ. ಅವು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಯಾವ ಹೆಜ್ಜೆ ಏಕೆ ಎಂಬುದು ಬದಲಾಗುವುದಿಲ್ಲ.

ಕ್ಲೌಡ್ ಸಂಸ್ಥೆಗಳಲ್ಲಿ ಹೊಸದಾಗಿ ಖಾತೆ ತೆರೆದವರಿಗೆ ಗ್ರಾಫಿಕ್ಸ್ ಕಾರ್ಡಿನ ಮಿತಿ ಬಹುಮಟ್ಟಿಗೆ ಸೊನ್ನೆಯಾಗಿರುತ್ತದೆ. ಮಿತಿಯನ್ನು ಹೆಚ್ಚಿಸುವಂತೆ ಮನವಿ ಸಲ್ಲಿಸಿ ಕಾಯಬೇಕು. ಬಾಡಿಗೆಯ ಲೆಕ್ಕ ಆರಂಭವಾಗುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಒಳಿತು. ಕೇಂದ್ರದ ಆಯ್ಕೆಯೂ ಇದೆ. ಅಮೆಜಾನ್ ಸಂಸ್ಥೆಯ ಮುಂಬಯಿ ಕೇಂದ್ರ 2016ರಲ್ಲಿಯೂ ಹೈದರಾಬಾದು ಕೇಂದ್ರ 2022ರಲ್ಲಿಯೂ ಆರಂಭವಾದವು. ಗೂಗಲ್ ಸಂಸ್ಥೆಯದು ಮುಂಬಯಿಯಲ್ಲಿ 2017ರಲ್ಲಿ. ಎಲ್ಲ ಕೇಂದ್ರಗಳಲ್ಲಿ ಎಲ್ಲ ಬಗೆಯ ಕಾರ್ಡುಗಳು ದೊರೆಯುವುದಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಇಂಡಿಯಾಎಐ ಮಿಷನ್ನಿನ ಅಡಿಯಲ್ಲಿ ಸಂಶೋಧಕರಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿ ದರದಲ್ಲಿ ಇಂಥ ಯಂತ್ರಗಳನ್ನು ಒದಗಿಸುವ ಏರ್ಪಾಡಿದೆ. ಮಾನವಿಕ ವಿಭಾಗಗಳವರು ಅತ್ತ ತಿರುಗಿ ನೋಡಬೇಕಾದುದು ಅಗತ್ಯ.

ಯಂತ್ರ ಕೈಗೆ ಬಂದೊಡನೆ ಅದರಲ್ಲಿ ಕಾರ್ಡ್ ನಿಜವಾಗಿ ಇದೆಯೇ ಎಂದು ನೋಡಬೇಕು. ಯಂತ್ರಾಂಗಗಳ ಪಟ್ಟಿಯನ್ನು ಕೊಡುವ ಎಲ್‌ಎಸ್‌ಪಿಸಿಐ ಎಂಬ ಆದೇಶದಿಂದ ಇದು ತಿಳಿಯುತ್ತದೆ. ದತ್ತಾಂಶ ಕೇಂದ್ರದ ಕಾರ್ಡುಗಳಿಗೆ ಪರದೆಯ ಕಿಂಡಿಯಿಲ್ಲದ ಕಾರಣ ಅವು ಪಟ್ಟಿಯಲ್ಲಿ ವಿಜಿಎ ಎಂದಲ್ಲದೆ ತ್ರೀಡಿ ಕಂಟ್ರೋಲರ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಅರಿಯದವರು ಕಾರ್ಡೇ ಇಲ್ಲವೆಂದು ತೀರ್ಮಾನಿಸುವುದುಂಟು. ಇಡೀ ಕಾರ್ಡಿಗೆ ಬದಲಾಗಿ ಅದರ ಒಂದು ಪಾಲನ್ನು ಮಾತ್ರ ಬಾಡಿಗೆಗೆ ಕೊಡುವ ಯಂತ್ರಗಳೂ ಇವೆ. ಅವುಗಳಿಗೆ ಗ್ರಿಡ್ ಎಂಬ ಬೇರೆಯೇ ಚಾಲಕವನ್ನು ಕ್ಲೌಡ್ ಸಂಸ್ಥೆಯಿಂದಲೇ ಪಡೆಯಬೇಕು.

ಅನಂತರ, ಚಾಲಕವನ್ನು ಮುಟ್ಟುವ ಮೊದಲು, ತಿರುಳನ್ನು ಇತ್ತೀಚಿನ ಆವೃತ್ತಿಗೆ ತಂದು ಯಂತ್ರವನ್ನು ಮರಳಿ ಆರಂಭಿಸಬೇಕು. ಈ ಅನುಕ್ರಮ ತಪ್ಪಿದರೆ ಚಾಲಕವು ಹಳೆಯ ತಿರುಳಿಗೆ ಹೊಂದಿಕೊಂಡು ಸಿದ್ಧವಾಗುತ್ತದೆ. ಮುಂದಿನ ಮರುಆರಂಭದಲ್ಲಿ ಹೊಸ ತಿರುಳು ಎದ್ದಾಗ ಅದಕ್ಕೆ ತಕ್ಕ ಮಾಡ್ಯೂಲ್ ಇಲ್ಲದಿರಬಹುದು. ಉಬುಂಟುವಿನ 22.04 ಅಥವಾ 24.04 ದೀರ್ಘಾವಧಿ ಆವೃತ್ತಿಗಳು ಈ ಕೆಲಸಕ್ಕೆ ಸೂಕ್ತ. ಕ್ಲೌಡ್ ಸರ್ವರುಗಳಲ್ಲಿ ನಡೆಯುವ ತಿರುಳು ಸಾಮಾನ್ಯ ಉಬುಂಟುವಿನದಲ್ಲ, ಆಯಾ ಸಂಸ್ಥೆಗೆಂದು ಹೊಂದಿಸಿದ ರೂಪ. ಆದುದರಿಂದ ಅದರ ಹೆಡರ್ ಕಡತಗಳೂ ಆ ರೂಪದ್ದೇ ಆಗಿರಬೇಕು.

ಚಾಲಕವನ್ನು ಪಡೆಯಲು ಮೂರು ದಾರಿಗಳಿವೆ. ಲಿನಕ್ಸ್ ವಿತರಣೆಯ ಸ್ವಂತ ಭಂಡಾರದಿಂದ ಪಡೆಯುವುದು ಮೊದಲನೆಯದು. ಉಬುಂಟು-ಡ್ರೈವರ್ಸ್ ಎಂಬ ಸಾಧನ ಕಾರ್ಡನ್ನು ಗುರುತಿಸಿ ತಕ್ಕ ಶಾಖೆಯನ್ನು ತಾನೇ ಸೂಚಿಸುತ್ತದೆ, ಸರ್ವರುಗಳಿಗೆಂದೇ ಬೇರೆ ಕಟ್ಟೂ ಇದೆ. ಎರಡನೆಯದು ಎನ್‌ವಿಡಿಯಾದ ಭಂಡಾರವನ್ನು ಜೋಡಿಸಿಕೊಂಡು ಪಡೆಯುವುದು. ಮೂರನೆಯದು ಸಂಸ್ಥೆ ಕೊಡುವ ರನ್‌ಫೈಲ್ ಎಂಬ ಒಂದೇ ಕಡತವನ್ನು ಇಳಿಸಿಕೊಂಡು ನೇರವಾಗಿ ನಡೆಸುವುದು. ಸಂಶೋಧಕರಿಗೆ ಮೊದಲನೆಯದೇ ಸಾಕೆಂದು ನಾನು ಭಾವಿಸುತ್ತೇನೆ. ಮೂರನೆಯದು ವಿತರಣೆಯ ದಾಖಲೆಯಿಂದ ಹೊರಗೆ ಉಳಿದುಬಿಡುವುದರಿಂದ ಮುಂದೆ ಅದನ್ನು ತೆಗೆಯುವುದೂ ಕಷ್ಟ, ಬದಲಿಸುವುದೂ ಕಷ್ಟ. ಯಾವುದನ್ನು ಆರಿಸಿದರೂ ಇನ್ನೊಂದರೊಡನೆ ಬೆರೆಸಕೂಡದು. ಇಬ್ಬರು ವಕ್ತೃಗಳ ಪಾಠಗಳನ್ನು ಒಂದಾಗಿ ಹೊಲಿದ ಕಾವ್ಯದಲ್ಲಿ ಯಾವ ಸಾಲು ಯಾರದೆಂದು ಆಮೇಲೆ ಯಾರೂ ಬಿಡಿಸಲಾರರಲ್ಲವೆ, ಇಲ್ಲಿಯೂ ಹಾಗೆಯೇ.

ಭಂಡಾರದ ಕಟ್ಟುಗಳಲ್ಲಿಯೂ ಎರಡು ಬಗೆ. ತಿರುಳಿನ ಆವೃತ್ತಿ ಬದಲಾದಾಗಲೆಲ್ಲ ಮಾಡ್ಯೂಲನ್ನು ಸ್ಥಳದಲ್ಲೇ ಮರಳಿ ಕಟ್ಟುವ ಡಿಕೆಎಂಎಸ್ ವಿಧಾನ ಒಂದು. ಮೊದಲೇ ಕಟ್ಟಿ ಉಬುಂಟುವಿನ ಸಹಿ ಹಾಕಿ ಇಟ್ಟಿರುವ ಮಾಡ್ಯೂಲ್ ಇನ್ನೊಂದು. ಈ ಸಹಿಯ ಮಹತ್ವ ತಿಳಿಯುವುದು ಸೆಕ್ಯೂರ್ ಬೂಟ್ ಎಂಬ ರಕ್ಷಣಾ ವ್ಯವಸ್ಥೆ ಚಾಲ್ತಿಯಲ್ಲಿರುವ ಯಂತ್ರದಲ್ಲಿ. ನಂಬಿಕೆಯ ಸಹಿಯಿಲ್ಲದ ಯಾವ ಮಾಡ್ಯೂಲನ್ನೂ ಅಲ್ಲಿನ ತಿರುಳು ಒಳಗೆ ಬಿಡುವುದಿಲ್ಲ. ಸ್ಥಳದಲ್ಲಿ ಕಟ್ಟಿದ ಮಾಡ್ಯೂಲಿಗೆ ನಾವೇ ಸಹಿ ಮಾಡಿ, ಆ ಸಹಿಯ ಕೀಲಿಯನ್ನು ಯಂತ್ರ ಏಳುವ ಹೊತ್ತಿನ ನೀಲಿ ಪರದೆಯಲ್ಲಿ ನೋಂದಾಯಿಸಬೇಕು. ಎದುರಿಗಿರುವ ಗಣಕದಲ್ಲಿ ಇದು ಸುಲಭ. ದೂರದ ಸರ್ವರಿನಲ್ಲಿ ಆ ಪರದೆಯನ್ನು ಕಾಣುವುದೇ ಪ್ರಯಾಸ. ಹೀಗಾಗಿ ಸಹಿ ಹಾಕಿದ ಸಿದ್ಧ ಮಾಡ್ಯೂಲ್ ಲೇಸು. ಎಲ್ಲವೂ ಯಶಸ್ವಿ ಎಂದು ತೋರಿಸಿಯೂ ಚಾಲಕ ಕೆಲಸ ಮಾಡದಿದ್ದರೆ ಮೊದಲು ಸಂಶಯಿಸಬೇಕಾದುದು ಇದನ್ನು. ಎರಡನೆಯ ಸಂಶಯ ನೂವೋದ ಮೇಲೆ. ಅದು ಮೊದಲೇ ಕಾರ್ಡನ್ನು ಹಿಡಿದು ಕುಳಿತಿದ್ದರೆ ಹೊಸ ಚಾಲಕಕ್ಕೆ ಎಡೆಯಿರದು. ಭಂಡಾರದ ಕಟ್ಟು ನೂವೋವನ್ನು ತಾನಾಗಿಯೇ ತಡೆಪಟ್ಟಿಗೆ ಸೇರಿಸುತ್ತದೆ. ಮರುಆರಂಭವಾಗುವವರೆಗೆ ಅದು ಜಾರಿಗೆ ಬರುವುದಿಲ್ಲ.

ಪರೀಕ್ಷೆ ಎರಡು ಹಂತದ್ದು. ಎನ್‌ವಿಡಿಯಾ-ಎಸ್‌ಎಂಐ ಎಂಬ ಆದೇಶಕ್ಕೆ ಕಾರ್ಡಿನ ಹೆಸರು, ಉಷ್ಣತೆ, ಸ್ಮೃತಿಯ ಬಳಕೆ ಇವುಗಳ ಪಟ್ಟಿ ಬಂದರೆ ತಿರುಳಿಗೂ ಕಾರ್ಡಿಗೂ ಮಾತುಕತೆ ಆಗಿದೆಯೆಂದು ಅರ್ಥ. ಈ ಪಟ್ಟಿಯ ಮೇಲ್ಭಾಗದಲ್ಲಿ ಕಾಣುವ ಕುಡಾದ ಸಂಖ್ಯೆಯು ಸ್ಥಾಪಿತವಾದುದರದಲ್ಲ, ಆ ಚಾಲಕ ತಾಳಬಲ್ಲ ಗರಿಷ್ಠ ಆವೃತ್ತಿಯದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎರಡನೆಯ ಹಂತದಲ್ಲಿ, ಪೈಟಾರ್ಚಿಗೆ ಕಾರ್ಡ್ ಕಾಣುತ್ತಿದೆಯೇ ಎಂದು ಪೈಥಾನಿನ ಒಂದು ಸಾಲಿನಿಂದ ಕೇಳಿ ನೋಡಬೇಕು. ಈ ಹಂತವನ್ನು ಕೈಬಿಟ್ಟವರಿಗೆ ಕಾದಿರುವ ಅಪಾಯ ಸಣ್ಣದಲ್ಲ. ಕಾರ್ಡ್ ಕಾಣದಿದ್ದಾಗ ವಿಸ್ಪರ್ ದೋಷವನ್ನು ಸಾರುವುದಿಲ್ಲ. ಸದ್ದಿಲ್ಲದೆ ಸಾಮಾನ್ಯ ಸಂಸ್ಕಾರಕದಲ್ಲಿ ಕೆಲಸ ಮುಂದುವರಿಸುತ್ತದೆ. ಕಾರ್ಡಿನ ಬಾಡಿಗೆ ಏರುತ್ತಲೇ ಇರುತ್ತದೆ, ಕಾರ್ಡ್ ಸುಮ್ಮನೆ ಕುಳಿತಿರುತ್ತದೆ. ಮೊದಲ ಐದು ನಿಮಿಷ ಎನ್‌ವಿಡಿಯಾ-ಎಸ್‌ಎಂಐಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಸ್ಮೃತಿಯ ಬಳಕೆ ಏರಿದೆಯೇ ಎಂದು ನೋಡುವುದೇ ಇದಕ್ಕೆ ಮದ್ದು.

ಇಂದು ಸರಿಯಾಗಿದ್ದುದು ವಾರದ ನಂತರ ಕೆಡುವುದೂ ಉಂಟು. ಉಬುಂಟು ಸರ್ವರ್ ಭದ್ರತೆಯ ನೆಪದಲ್ಲಿ ಕಟ್ಟುಗಳನ್ನು ತಾನಾಗಿ ಹೊಸದು ಮಾಡಿಕೊಳ್ಳುತ್ತದೆ. ಚಾಲಕದ ಗ್ರಂಥಾಲಯ ಕಡತ ಹೊಸದಾಗಿ, ತಿರುಳಿನೊಳಗೆ ಹಳೆಯ ಮಾಡ್ಯೂಲೇ ನಡೆಯುತ್ತಿದ್ದರೆ ಎರಡರ ಆವೃತ್ತಿ ಹೊಂದುತ್ತಿಲ್ಲವೆಂಬ ಸೂಚನೆ ಬರುತ್ತದೆ. ಯಂತ್ರವನ್ನು ಮರಳಿ ಆರಂಭಿಸಿದರೆ ಇದು ಸರಿಹೋಗುತ್ತದೆ. ಚಾಲಕದೊಡನೆ ಸಂಪರ್ಕವೇ ಇಲ್ಲವೆಂಬ ಸೂಚನೆ ಬಂದರೆ ಹೊಸ ತಿರುಳಿಗೆ ಮಾಡ್ಯೂಲ್ ಸಿದ್ಧವಾಗಿಲ್ಲವೆಂದು ತಿಳಿದು, ಅದನ್ನು ಮರಳಿ ಕಟ್ಟಬೇಕು. ಕೆಲಸ ಮುಗಿಯುವತನಕ ತಿರುಳು ಮತ್ತು ಚಾಲಕದ ಕಟ್ಟುಗಳನ್ನು ಇದ್ದಲ್ಲೇ ತಡೆಹಿಡಿಯುವುದು ಒಳ್ಳೆಯ ಪದ್ಧತಿ. ಚಾಲಕವನ್ನು ಮೊದಲೇ ಸ್ಥಾಪಿಸಿರುವ ಸಿದ್ಧ ಪ್ರತಿಮೆಗಳನ್ನು ಕ್ಲೌಡ್ ಸಂಸ್ಥೆಗಳು ಒದಗಿಸುತ್ತವೆ. ಅವಸರವಿದ್ದವರು ಅವುಗಳನ್ನು ಬಳಸಿಕೊಳ್ಳಬಹುದು. ಆದರೆ ಈ ಕೊನೆಯ ತೊಂದರೆ ಸಿದ್ಧ ಪ್ರತಿಮೆಗೂ ತಪ್ಪಿದ್ದಲ್ಲ. ಮೇಲಿನ ವಿವರಗಳ ಅರಿವಿಲ್ಲದವರು ಆಗ ಮತ್ತೊಬ್ಬರ ಮುಖ ನೋಡಬೇಕಾಗುತ್ತದೆ.

ಧ್ವನಿಯ ಸಾಗಣೆ ಮತ್ತು ಸಮ್ಮತಿ

ಸಂರಕ್ಷಣೆಗೆಂದು ಅಂಕೀಕರಿಸಿದ ಮೂಲ ಕಡತವನ್ನು ಸರ್ವರಿಗೆ ಕಳುಹಿಸಬೇಕಾಗಿಲ್ಲ. ಸೆಕೆಂಡಿಗೆ 96,000 ಮಾದರಿಗಳ, 24 ಬಿಟ್ಟಿನ ಏಕನಾಲೆಯ ಧ್ವನಿ ಗಂಟೆಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ವಿಸ್ಪರ್ ಕೇಳಿಸಿಕೊಳ್ಳುವುದು 16,000 ಮಾದರಿಗಳ ಧ್ವನಿಯನ್ನು ಮಾತ್ರ. ಆ ಅಳತೆಗೆ ಇಳಿಸಿದ 16 ಬಿಟ್ಟಿನ ಪ್ರತಿಯು ಗಂಟೆಗೆ ಸುಮಾರು 115 ಮೆಗಾಬೈಟ್. ನೂರು ಗಂಟೆಯ ಸಂಗ್ರಹ 11.5 ಗಿಗಾಬೈಟಿನಲ್ಲಿ ಅಡಕವಾಗುತ್ತದೆ. ಸೆಕೆಂಡಿಗೆ 20 ಮೆಗಾಬಿಟ್ ಏರಿಸಬಲ್ಲ ಅಂತರಜಾಲ ಸಂಪರ್ಕದಲ್ಲಿ ಒಂದೂಕಾಲು ಗಂಟೆಯ ಕೆಲಸ. ಕಡಿಮೆ ಬಾಡಿಗೆಯ ಸ್ಪಾಟ್ ಯಂತ್ರಗಳನ್ನು ಸಂಸ್ಥೆ ಯಾವ ಕ್ಷಣದಲ್ಲಾದರೂ ಹಿಂದೆಗೆದುಕೊಳ್ಳಬಹುದು. ಅಮೆಜಾನ್ ಎರಡು ನಿಮಿಷ ಮೊದಲು ಎಚ್ಚರಿಸುತ್ತದೆ, ಗೂಗಲ್ 30 ಸೆಕೆಂಡು. ಆದುದರಿಂದ ಒಂದೊಂದು ಕ್ಯಾಸೆಟ್ಟಿನ ಬದಿ ಮುಗಿದೊಡನೆ ಫಲಿತಾಂಶ ಹೊರಗೆ ಉಳಿಯುವಂತೆ ನೋಡಿಕೊಳ್ಳಬೇಕು. ಯಂತ್ರವನ್ನು ನಿಲ್ಲಿಸಿದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ ಎಂಬುದೂ ನೆನಪಿನಲ್ಲಿರಲಿ. ಅದರ ತಟ್ಟೆಯ ಬಾಡಿಗೆ ಅಳಿಸುವವರೆಗೂ ನಡೆಯುತ್ತದೆ.

ಖರ್ಚಿಗಿಂತ ಗುರುತರವಾದ ಪ್ರಶ್ನೆ ಸಮ್ಮತಿಯದು. ಹಾಡಿದ ಹಿರಿಯರು ಟೇಪ್ ರೆಕಾರ್ಡರಿನ ಮುಂದೆ ಕುಳಿತಾಗ ತಮ್ಮ ಧ್ವನಿ ಬೇರೊಂದು ನಗರದ ಯಂತ್ರಕ್ಕೆ ಹೋಗುವುದೆಂದು ಎಣಿಸಿರಲಿಲ್ಲ. ಬುರ್ರಕಥೆಯ ಕೆಲವು ಭಾಗಗಳನ್ನು ಹರಕೆಯ ಸಂದರ್ಭದ ಹೊರಗೆ ಹಾಡಬಾರದೆಂಬ ಕಟ್ಟಳೆಯುಳ್ಳ ಕುಟುಂಬಗಳಿವೆ. ಅಂತರಜಾಲದಲ್ಲಿ ಪುಕ್ಕಟೆಯಾಗಿ ದೊರೆಯುವ ಲಿಪೀಕರಣ ಸೇವೆಗಳಿಗೆ ಧ್ವನಿಯನ್ನು ಒಪ್ಪಿಸಿದರೆ ಅದು ಎಲ್ಲಿ ಉಳಿಯಿತು, ಯಾವ ತರಬೇತಿಗೆ ಬಳಕೆಯಾಯಿತು ಎಂಬುದರ ಮೇಲೆ ನಮಗೆ ಹಿಡಿತವಿರುವುದಿಲ್ಲ. ನಾವೇ ಬಾಡಿಗೆಗೆ ಪಡೆದು, ನಾವೇ ಸಜ್ಜುಗೊಳಿಸಿ, ನಾವೇ ಅಳಿಸುವ ಸರ್ವರಿನಲ್ಲಿ ಆ ಹಿಡಿತ ಬಹುಪಾಲು ನಮ್ಮಲ್ಲೇ ಉಳಿಯುತ್ತದೆ. ಚಾಲಕದ ಈ ಕಗ್ಗಂಟನ್ನು ಬಿಡಿಸುವ ಶ್ರಮವನ್ನು ಜಾನಪದ ಅಧ್ಯಯನಕಾರರು ಏಕೆ ವಹಿಸಬೇಕು ಎಂಬುದಕ್ಕೆ ನನ್ನ ಉತ್ತರ ಇದು. ಇಷ್ಟಾದರೂ ಕುಟುಂಬದವರಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಮುಂದುವರಿಯುವುದು ಸಲ್ಲದು.

ಯಂತ್ರ ಕೊಡುವ ಕರಡು

ಇಷ್ಟೆಲ್ಲ ಸಿದ್ಧತೆಯ ನಂತರ ದೊರೆಯುವುದನ್ನು ಪಠ್ಯವೆಂದು ಕರೆಯಲಾಗದು. ವಿಸ್ಪರ್ ಧ್ವನಿಯನ್ನು 30 ಸೆಕೆಂಡುಗಳ ತುಂಡುಗಳಾಗಿ ಕೇಳುತ್ತದೆ. ಮಾತಿಲ್ಲದ, ಬರಿಯ ವಾದ್ಯ ನುಡಿಯುವ ತುಂಡು ಬಂದಾಗ ಸುಮ್ಮನಿರಲಾರದೆ ಯಾರೂ ಹಾಡದ ವಾಕ್ಯವನ್ನು ತಾನೇ ಹೆಣೆಯುವ ದೋಷ ಅದಕ್ಕಿದೆ. ಬುರ್ರಕಥೆಯಲ್ಲಿ ತಂಬೂರಿಯ ಶ್ರುತಿಯ ಮೇಲೆ ಚರ್ಮವಾದ್ಯ ನಿಮಿಷಗಟ್ಟಲೆ ನುಡಿಯುವುದರಿಂದ ಈ ದೋಷ ಎದ್ದು ಕಾಣುತ್ತದೆ. ಮಾತಿರುವ ಭಾಗವನ್ನು ಮೊದಲೇ ಬೇರ್ಪಡಿಸುವ ಸಾಧನದಿಂದ ಇದನ್ನು ತಗ್ಗಿಸಬಹುದು. ಪಲ್ಲವಿ ಮರುಕಳಿಸಿದಾಗ ಯಂತ್ರ ಅದರಲ್ಲೇ ಸಿಕ್ಕಿಕೊಂಡು, ಹಾಡುಗಾರ್ತಿ ನಾಲ್ಕು ಬಾರಿ ಹಾಡಿದ್ದನ್ನು ನಲವತ್ತು ಬಾರಿ ಬರೆಯುವುದೂ ಉಂಟು. ಭಾಷೆ ಕನ್ನಡವೆಂದು ಮೊದಲೇ ವಿಧಿಸದಿದ್ದರೆ, ಧ್ವನಿಯ ಆರಂಭದಲ್ಲೇ ತೆಲುಗಿನ ಸಂಭಾಷಣೆ ಇದ್ದಾಗ ಮುಂದಿನ ಕನ್ನಡವನ್ನೂ ತೆಲುಗು ಲಿಪಿಯಲ್ಲಿ ಬರೆದುಬಿಡಬಹುದು. ವಿಧಿಸಿದರೆ ತೆಲುಗಿನ ಮಾತು ಕನ್ನಡದ ವಿಕಾರವಾಗಿ ಇಳಿಯುತ್ತದೆ. ಗಡಿನಾಡಿನ ಕಾವ್ಯಕ್ಕೆ ಇದೊಂದು ಬಿಡಿಸಲಾಗದ ಇಕ್ಕಟ್ಟು.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಉಪಭಾಷೆಯ ವಿಷಯದಲ್ಲಿ. ಹಾಡಿನಲ್ಲಿ ‘ಬರ್ತಾಳ’ ಎಂದು ಸ್ಪಷ್ಟವಾಗಿ ಕೇಳಿದರೂ ಕರಡಿನಲ್ಲಿ ‘ಬರುತ್ತಾಳೆ’ ಎಂದು ಮೂಡುತ್ತದೆ. ‘ಹೋಗ್ಯಾನ’ ಎಂಬುದು ‘ಹೋಗಿದ್ದಾನೆ’ ಆಗುತ್ತದೆ. ಗ್ರಂಥಸ್ಥ ಕನ್ನಡದಿಂದ ಕಲಿತ ಯಂತ್ರ ಗ್ರಂಥಸ್ಥ ಕನ್ನಡವನ್ನೇ ಕೇಳಿಸಿಕೊಳ್ಳುತ್ತದೆ. ಜನಪದ ಗೀತೆಗಳನ್ನು ‘ಶುದ್ಧ’ಗೊಳಿಸಿ ಅಚ್ಚಿಸಿದ ಹಳೆಯ ಸಂಪಾದಕರನ್ನು ನಾವು ಟೀಕಿಸುತ್ತ ಬಂದಿದ್ದೇವೆ, ಅದೇ ಪ್ರವೃತ್ತಿ ಈಗ ಯಾವ ಸಂಪಾದಕನ ಹೆಸರೂ ಇಲ್ಲದೆ ನಡೆಯುತ್ತದೆ. ಭಾಷಾವೈಜ್ಞಾನಿಕ ಅಧ್ಯಯನಕ್ಕಾಗಲಿ ಛಂದಸ್ಸಿನ ವಿಶ್ಲೇಷಣೆಗಾಗಲಿ ಈ ಕರಡನ್ನು ಆಧಾರವಾಗಿ ಬಳಸುವುದನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ.

ಹಾಗಾದರೆ ಉಪಯೋಗವೇನು? ಕರಡಿನ ಪ್ರತಿ ಸಾಲಿನ ಪಕ್ಕದಲ್ಲಿ ಅದು ಧ್ವನಿಯ ಯಾವ ನಿಮಿಷ, ಯಾವ ಸೆಕೆಂಡಿನದೆಂಬ ಸೂಚನೆ ಇರುತ್ತದೆ. ಅಕ್ಷರಗಳಿಗಿಂತ ಈ ಕಾಲಸೂಚಿಯೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ತಿಳುವಳಿಕೆ. ಕುಮಾರರಾಮನ ಕಥೆಯ ಹಾಡಿಕೆಗಳಲ್ಲಿ ರತ್ನಾಜಿಯ ಪ್ರಸಂಗ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಹುಡುಕಲು ಹಿಂದೆ ಎಲ್ಲ ಕ್ಯಾಸೆಟ್ಟುಗಳನ್ನೂ ತಿರುಗಿಸಬೇಕಿತ್ತು. ಈಗ ತಪ್ಪುತಪ್ಪಾದ ಕರಡಿನಲ್ಲಿಯೂ ಆ ಹೆಸರಿನ ಚೂರುಪಾರು ಸಿಕ್ಕಿ, ಹತ್ತಿರದ ನಿಮಿಷಕ್ಕೆ ನೇರವಾಗಿ ಹೋಗಿ ಕಿವಿಯಿಂದ ಕೇಳಬಹುದು. ಮುಮ್ಮೇಳದ ಮಗಳೋ ಮೊಮ್ಮಗನೋ ಎದುರಿಗಿದ್ದು ತಿದ್ದುವುದಾದರೆ ಬರಿ ಹಾಳೆಗಿಂತ ತಪ್ಪು ಕರಡು ಹೆಚ್ಚು ಮಾತನ್ನು ಹೊರಡಿಸುತ್ತದೆ; ‘ಇದು ಹಂಗಲ್ಲ’ ಎಂದು ಅವರು ಆರಂಭಿಸುವ ವಿವರಣೆ ಪಾಠಕ್ಕಷ್ಟೇ ಅಲ್ಲ, ಕಥೆಗೂ ಬೆಳಕು ಚೆಲ್ಲುತ್ತದೆ. ಈ ಮೊದಲೇ ಕೈಯಿಂದ ಬರೆದು ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಟಂಕಿಸಿದ ಪಾಠಗಳಿದ್ದರೆ ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಂಡು ಯಂತ್ರದ ಕರಡಿನೊಡನೆ ಹೋಲಿಸಬಹುದು. ಬರಹಗಾರ ಬಿಟ್ಟುಬಿಟ್ಟ ಸಾಲುಗಳು ಹೀಗೆ ಪತ್ತೆಯಾಗುವುದುಂಟು.

ಹಸ್ತಪ್ರತಿಗಳ ಕೊನೆಯಲ್ಲಿ ಪ್ರತಿಕಾರನ ಹೆಸರು, ಸಂವತ್ಸರ, ತಿಥಿಗಳನ್ನು ಹೇಳುವ ಪುಷ್ಪಿಕೆ ಇರುತ್ತದೆ. ಯಂತ್ರದ ಕರಡಿಗೂ ಅಂಥದೊಂದು ಅವಶ್ಯ. ಹಾಡಿದವರ ಹೆಸರು ಮತ್ತು ಊರು, ಮುದ್ರಿಸಿದ ದಿನ, ಕ್ಯಾಸೆಟ್ಟಿನ ಸಂಖ್ಯೆ ಮತ್ತು ಬದಿ, ಮೂಲ ಕಡತ ಇರುವ ಸ್ಥಳ, ಧ್ವನಿಮಾದರಿಯ ಹೆಸರು ಮತ್ತು ಆವೃತ್ತಿ, ಕಾರ್ಡಿನ ಹೆಸರು, ಚಾಲಕದ ಮತ್ತು ಕುಡಾದ ಆವೃತ್ತಿ, ವಿಧಿಸಿದ ಭಾಷೆ, ಕರಡು ಹೊರಟ ದಿನ, ಅದನ್ನು ಕೇಳಿ ತಿದ್ದಿದವರ ಹೆಸರು, ತಿದ್ದದೆ ಉಳಿದ ನಿಮಿಷಗಳ ಪಟ್ಟಿ: ಇವಿಷ್ಟನ್ನು ಸರ್ವರನ್ನು ಅಳಿಸುವ ಮೊದಲು ಒಂದು ಸರಳ ಪಠ್ಯಕಡತದಲ್ಲಿ ಬರೆದು, ಕರಡಿನೊಡನೆ ಕಟ್ಟಿ, ಧ್ವನಿಯ ಮೂಲ ಪ್ರತಿಯಿರುವ ಗ್ರಂಥಾಲಯಕ್ಕೂ ಹಾಡಿದವರ ಮನೆಗೂ ಒಂದೊಂದು ಪ್ರತಿಯನ್ನು ತಲುಪಿಸತಕ್ಕದ್ದು.